ಪಳಗಿದ ಕೋಡ್ ಎಲ್ಲಿ ಪಳಗಿತು?

ತಂತ್ರಾಂಶ ವೃತ್ತಿಯಲ್ಲಿ ಬಹುತೇಕ ಎಲ್ಲರೂ ಒಪ್ಪಿಕೊಂಡಿರುವ ಮಾತೊಂದಿದೆ: ಇವತ್ತು ಹೊಸದಾಗಿ ಬರೆದ ಕೋಡ್‌ಗಿಂತ ಹತ್ತು ವರ್ಷ ಓಡಿ ಪಳಗಿದ ಕೋಡ್ ವಾಸಿ. ಹೊಸದರಲ್ಲಿ ಎಷ್ಟು ಬಗ್‌ಗಳು ಅವಿತಿವೆಯೋ ಬಲ್ಲವರಿಲ್ಲ. ಹಳೆಯದರಲ್ಲಿದ್ದವು ಬಳಕೆಯಲ್ಲೇ ಒಂದೊಂದಾಗಿ ಹೊರಬಿದ್ದು ರಿಪೇರಿಯಾಗಿರುತ್ತವೆ. ಹಾಗಾಗಿ ಇರುವ ಕೋಡನ್ನೇ ಮರುಬಳಕೆ ಮಾಡಿದರೆ ಸಮಯ ಉಳಿಯುತ್ತದೆ, ಹಣ ಉಳಿಯುತ್ತದೆ, ಗುಣಮಟ್ಟವೂ ಜೊತೆಗೇ ಬರುತ್ತದೆ ಎಂಬುದು ಈ ನಂಬಿಕೆಯ ಸಾರ. ಸಮಯ ಮತ್ತು ಹಣದ ಮಾತನ್ನು ಕೆಲವು ಷರತ್ತುಗಳೊಂದಿಗೆ ಒಪ್ಪಬಹುದು. ಗುಣಮಟ್ಟ ಜೊತೆಗೇ ಬರುತ್ತದೆ ಎಂಬ ಮೂರನೆಯ ಮಾತು ಮಾತ್ರ ತಪ್ಪು ಎಣಿಕೆಯ ಮೇಲೆ ನಿಂತಿದೆ. ಪುಸ್ತಕದೊಳಗೇ ಉಳಿಯುವಂಥ ತಪ್ಪು ಇದಲ್ಲ. ಚಿಕಿತ್ಸೆಗೆಂದು ಯಂತ್ರದಡಿ ಮಲಗಿದ ರೋಗಿಗಳು ಇದಕ್ಕೆ ಪ್ರಾಣ ತೆತ್ತಿದ್ದಾರೆ. ಆದ್ದರಿಂದ ಈ ನಂಬಿಕೆಯನ್ನು ಎಳೆಎಳೆಯಾಗಿ ಬಿಡಿಸಿ ನೋಡುವುದು ಅಗತ್ಯ.

ಮೊದಲು ಅದರ ಪರವಾಗಿ ಹೇಳಬೇಕಾದದ್ದನ್ನು ಹೇಳಬೇಕು. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಆಶ್ರಯದ ಸಮ್ಮೇಳನವೊಂದು ನಡೆಯಿತು. 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರು ಬೇರೂರಿದ್ದು ಅಲ್ಲಿಂದಲೇ. ದೊಡ್ಡ ತಂತ್ರಾಂಶ ಯೋಜನೆಗಳು ಗಡುವು ಮೀರುತ್ತಿದ್ದ, ಖರ್ಚು ಕೈಮೀರುತ್ತಿದ್ದ ಕಾಲ ಅದು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಅಲ್ಲಿ ಒಂದು ಪ್ರಸ್ತಾಪ ಮಂಡಿಸಿದರು: ಬೇರೆ ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಬಿಡಿಭಾಗಗಳ ಕ್ಯಾಟಲಾಗ್ ಇರುವಂತೆ ತಂತ್ರಾಂಶಕ್ಕೂ ಇರಲಿ, ಬೇಕಾದ ರೂಟೀನನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯುವ ಬದಲು ಪಟ್ಟಿ ನೋಡಿ ಆರಿಸಿಕೊಳ್ಳಲಿ. ಅಂದಿನಿಂದ ಇಂದಿನವರೆಗೆ ಮರುಬಳಕೆಯ ಸಂಶೋಧನೆಯೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಪ್ರಸ್ತಾಪದ ಮುಂದುವರಿಕೆ.

ಫಲವೂ ಸಿಕ್ಕಿದೆ. ಯೂನಿಕೋಡ್ ಪೂರ್ವದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ಅದರದೇ ಫಾಂಟ್ ಸಂಕೇತವಿದ್ದು, ಒಂದರಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ಓದಲು ಬಾರದೆ ಪರದಾಡಿದ್ದು ಹಲವರಿಗೆ ನೆನಪಿರಬಹುದು. ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಯದ್ದು. ಒತ್ತು ಎಲ್ಲಿ ಕೂರಬೇಕು, ರೇಫ ಎಲ್ಲಿ ಬರಬೇಕು ಎಂಬುದನ್ನು ಒಮ್ಮೆ ಸರಿಯಾಗಿ ಬರೆದರೆ ಎಲ್ಲೆಡೆಯೂ ಸರಿಯಾಗುತ್ತದೆ. ಅಂಕಿಅಂಶಗಳ ಬೆಂಬಲವೂ ಇದೆ. ನಾಸಾದ ಒಂದು ಅಭಿವೃದ್ಧಿ ಪರಿಸರದಲ್ಲಿ ತಯಾರಾದ 25 ತಂತ್ರಾಂಶ ವ್ಯವಸ್ಥೆಗಳನ್ನು ರಿಚರ್ಡ್ ಸೆಲ್ಬಿ ಪರಿಶೀಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ಶೇ. 32ರಷ್ಟು ಮಾಡ್ಯೂಲ್‌ಗಳು ಹಿಂದಿನ ಯೋಜನೆಗಳಿಂದ ಬಂದಿದ್ದವು. ಏನೂ ಬದಲಿಸದೆ ತಂದ ಮಾಡ್ಯೂಲ್‌ಗಳಲ್ಲಿ ದೋಷಗಳು ಅತಿ ಕಡಿಮೆ ಇದ್ದವು. ಅಂದಮೇಲೆ ಮರುಬಳಕೆಯಿಂದ ಗುಣಮಟ್ಟ ಹೆಚ್ಚುತ್ತದೆ ಎಂದು ನಂಬಿದವರನ್ನು ಬರಿಯ ಮೈಗಳ್ಳರೆಂದು ತಳ್ಳಿಹಾಕಲು ಬರುವುದಿಲ್ಲ.

ಆದರೆ ಈ ನಂಬಿಕೆ ಒಂದೇ ಮಾತಿನಂತೆ ಕೇಳಿಸಿದರೂ ಅದರೊಳಗೆ ಮೂರು ಬೇರೆಬೇರೆ ವಾದಗಳು ಹೆಣೆದುಕೊಂಡಿವೆ. ಒಂದರ ಬಲದಿಂದ ಇನ್ನೊಂದು ನಿಂತಂತೆ ಕಾಣುವುದರಿಂದ ಅವನ್ನು ಬೇರ್ಪಡಿಸಿ ಇಡುತ್ತೇನೆ.

1. ಕೋಡ್ ಸವೆಯುವುದಿಲ್ಲ. ಹಾಗಾಗಿ ಒಂದು ಕಡೆ ಸರಿಯಿದ್ದದ್ದು, ಬದಲಿಸದಿದ್ದರೆ, ಇನ್ನೊಂದು ಕಡೆಯೂ ಸರಿಯಾಗಿಯೇ ಇರುತ್ತದೆ.

2. ಹೆಚ್ಚು ಕಾಲ ತೊಂದರೆಯಿಲ್ಲದೆ ಓಡಿದ ಕೋಡ್ ಹೆಚ್ಚು ಪರೀಕ್ಷೆಗೆ ಒಳಗಾಗಿದೆ.

3. ಹೆಚ್ಚು ಜನ ಬಳಸುವ ಕೋಡನ್ನು ಹೆಚ್ಚು ಜನ ನೋಡಿರುತ್ತಾರೆ.

ಮೊದಲನೆಯದು ಅತ್ಯಂತ ಸಹಜವಾಗಿ ಕಾಣುತ್ತದೆ, ತಪ್ಪಿನ ಬೇರೂ ಅಲ್ಲೇ ಇದೆ. ಒಂದು ಕೋಡ್ 'ಸರಿಯಿದೆ' ಎಂದಾಗ ನಾವು ಆ ಸಾಲುಗಳ ಬಗ್ಗೆ ಮಾತ್ರ ಹೇಳುತ್ತಿರುವುದಿಲ್ಲ. ಇನ್‌ಪುಟ್ ಇಷ್ಟರೊಳಗೆ ಬರುತ್ತದೆ, ಇಂಥ ಯಂತ್ರದ ಮೇಲೆ ಓಡುತ್ತದೆ, ಸುತ್ತಲಿನ ಭಾಗಗಳು ಹೀಗೆ ವರ್ತಿಸುತ್ತವೆ ಎಂಬ ಊಹೆಗಳನ್ನೆಲ್ಲ ಸೇರಿಸಿಯೇ ಹೇಳುತ್ತಿರುತ್ತೇವೆ. ಊಹೆ ಬದಲಾದರೆ ಒಂದಕ್ಷರವೂ ಬದಲಾಗದ ಕೋಡ್ ತಪ್ಪಾಗುತ್ತದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರು ನೆಲೆಯಿಂದ ನಾಲ್ಕು ಕ್ಲಸ್ಟರ್ ಉಪಗ್ರಹಗಳನ್ನು ಹೊತ್ತು ಮೊದಲ ಬಾರಿಗೆ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಚೂರುಚೂರಾದದ್ದು ಹೀಗೆಯೇ. ದಿಕ್ಕು ಮತ್ತು ಚಲನೆಯನ್ನು ಅಳೆಯುವ ಅದರ ವ್ಯವಸ್ಥೆಯ ತಂತ್ರಾಂಶ ಏರಿಯಾನ್ 4ರಿಂದ ಬಂದದ್ದು. ಅದರಲ್ಲಿ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿಸುವ ಹೆಜ್ಜೆಯಿತ್ತು. 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ ಆ ಸಂಖ್ಯೆ ಏರಿಯಾನ್ 4ರ ಪಥದಲ್ಲಿ ಆ ಮಿತಿಯನ್ನು ಮುಟ್ಟುವಂತಿರಲಿಲ್ಲ. ಏರಿಯಾನ್ 5ರ ಅಡ್ಡವೇಗ ಐದು ಪಟ್ಟು ಬೇಗ ಏರುತ್ತಿತ್ತು. ಸಂಖ್ಯೆ ಮಿತಿ ಮೀರಿತು, ಪ್ರೊಸೆಸರ್ ನಿಂತಿತು. ಬದಲಿಗಿದ್ದ ಎರಡನೆಯ ಘಟಕದಲ್ಲಿ ಅದೇ ಕೋಡ್ ಓಡುತ್ತಿದ್ದ ಕಾರಣ ಅದೂ ಅದೇ ದೋಷಕ್ಕೆ, ಕಣ್ಣು ಮಿಟುಕಿಸುವಷ್ಟು ಮೊದಲೇ, ನಿಂತುಹೋಗಿತ್ತು. ದೋಷದ ವರದಿಯಾಗಿ ಹೊರಬಂದ ಬಿಟ್‌ಗಳನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿಯೆಂದು ಓದಿಕೊಂಡು, ಇಲ್ಲದ ವಾಲಿಕೆಯನ್ನು ತಿದ್ದಲು ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಈ ಘಟನೆಯನ್ನು ಬಲ್ಲವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಜಾಕ್-ಲೂಯಿ ಲಯನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿಯ ವರದಿ ಇನ್ನೂ ಎರಡು ವಿಷಯ ತಿಳಿಸುತ್ತದೆ. ನಮ್ಮ ವಾದಕ್ಕೆ ಮುಖ್ಯವಾದವು ಅವೇ. ಮಿತಿ ಮೀರುವ ಸಾಧ್ಯತೆಯಿದ್ದ ಏಳು ಚರಗಳನ್ನು ಮೂಲ ಎಂಜಿನಿಯರ್‌ಗಳು ಗುರುತಿಸಿದ್ದರು. ಪ್ರೊಸೆಸರ್ ಮೇಲಿನ ಹೊರೆ ಶೇ. 80ನ್ನು ದಾಟಬಾರದೆಂಬ ನಿಯಮವಿದ್ದುದರಿಂದ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು, ಉಳಿದ ಮೂರು ಮಿತಿ ಮೀರಲಾರವು ಎಂಬ ತರ್ಕದಿಂದ ಬಿಟ್ಟರು. ಏರಿಯಾನ್ 4ರ ಮಟ್ಟಿಗೆ ಅದು ವಿವೇಕದ ನಿರ್ಧಾರವೇ. ಎರಡನೆಯದಾಗಿ, ಸ್ಫೋಟಕ್ಕೆ ಕಾರಣವಾದ ಆ ಲೆಕ್ಕಾಚಾರ ಏರಿಯಾನ್ 5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಕೌಂಟ್‌ಡೌನ್ ಕೊನೆಯ ಕ್ಷಣಗಳಲ್ಲಿ ತಡೆದರೆ ಬೇಗ ಮರುಆರಂಭಿಸಲು ಅನುಕೂಲವಾಗಲೆಂದು ಹಿಂದಿನ ಏರಿಯಾನ್‌ಗಳಲ್ಲಿ ಅದನ್ನು ಹಾರಾಟದ ಮೊದಲ 40 ಸೆಕೆಂಡು ಚಾಲೂ ಇಟ್ಟಿದ್ದರು. ಹೊಸ ರಾಕೆಟ್‌ನ ಉಡಾವಣಾ ಕ್ರಮವೇ ಬೇರೆಯಾಗಿದ್ದರೂ, ಏರಿಯಾನ್ 4ರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದನ್ನು ಸುಮ್ಮನೆ ಬದಲಿಸುವುದು ಬೇಡವೆಂದು ಹಾಗೇ ಬಿಟ್ಟರು. 'ಓಡುತ್ತಿರುವುದನ್ನು ಮುಟ್ಟಬೇಡ' ಎಂಬ ಗಾದೆಯಂಥ ಎಚ್ಚರಿಕೆಯೇ ಅಪಾಯವನ್ನು ಹೊಸ ರಾಕೆಟ್‌ಗೆ ದಾಟಿಸಿತು.

ಎರಡನೆಯ ವಾದ ಕಾಲದ್ದು. ಹತ್ತು ವರ್ಷ ಓಡಿದೆ ಎಂದರೆ ಹತ್ತು ವರ್ಷ ಪರೀಕ್ಷೆಯಾಗಿದೆ ಎನ್ನುವಾಗ, ಆ ಹತ್ತು ವರ್ಷಗಳಲ್ಲಿ ದೋಷ ತಲೆ ಎತ್ತಿದ್ದರೆ ನಮಗೆ ತಿಳಿಯುತ್ತಿತ್ತು ಎಂದು ಭಾವಿಸಿರುತ್ತೇವೆ. ಕ್ಯಾನ್ಸರ್ ಚಿಕಿತ್ಸೆಗೆ ವಿಕಿರಣ ಕೊಡುವ ಥೆರಾಕ್-25 ಯಂತ್ರದ ಕಥೆ ಈ ಭಾವನೆಯನ್ನು ಅಲುಗಾಡಿಸುತ್ತದೆ. ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ತಯಾರಿಸಿದ ಆ ಯಂತ್ರ 1985 ಮತ್ತು 1987ರ ನಡುವೆ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಸುರಿಯಿತು; ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಅದರ ತಂತ್ರಾಂಶದ ಭಾಗಗಳು ಹಿಂದಿನ ಮಾದರಿಗಳಿಂದ ಬಂದಿದ್ದವು. ನ್ಯಾನ್ಸಿ ಲೆವಿಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಂದು ಸಂಗತಿ ಗಮನ ಸೆಳೆಯುತ್ತದೆ. ಹಿಂದಿನ ಮಾದರಿ ಥೆರಾಕ್-20 ಇದ್ದ ವಿಶ್ವವಿದ್ಯಾಲಯವೊಂದರಲ್ಲಿ ಹೊಸ ವಿದ್ಯಾರ್ಥಿಗಳ ತಂಡ ಬಂದಾಗಲೆಲ್ಲ ಯಂತ್ರದ ಫ್ಯೂಸ್‌ಗಳು ಹಾರಿಹೋಗುತ್ತಿದ್ದವು. ಅನುಭವವಿಲ್ಲದ ಕೈಗಳು ಕೀಲಿಗಳನ್ನು ವಿಚಿತ್ರ ಕ್ರಮದಲ್ಲಿ ಒತ್ತಿದಾಗ ಥೆರಾಕ್-25ರಲ್ಲಿ ಜನರನ್ನು ಕೊಂದ ಅದೇ ತಂತ್ರಾಂಶ ದೋಷ ಅಲ್ಲಿಯೂ ಎದ್ದುಬರುತ್ತಿತ್ತು. ಆದರೆ ಥೆರಾಕ್-20ರಲ್ಲಿ ತಂತ್ರಾಂಶದ ಹಂಗಿಲ್ಲದ ಹಾರ್ಡ್‌ವೇರ್ ತಡೆಗಳಿದ್ದುದರಿಂದ ಫ್ಯೂಸ್ ಹೋಗಿ ವಿಕಿರಣ ನಿಲ್ಲುತ್ತಿತ್ತು. ಬಗ್ ಇದೆಯೆಂದು ಯಾರಿಗೂ ಅನ್ನಿಸಲಿಲ್ಲ. ಹೊಸ ಮಾದರಿಯಲ್ಲಿ ಆ ತಡೆಗಳನ್ನು ತೆಗೆದು ರಕ್ಷಣೆಯ ಹೊಣೆಯನ್ನು ತಂತ್ರಾಂಶಕ್ಕೆ ಒಪ್ಪಿಸಿದರು. ಅಂದರೆ ಹಳೆಯ ಯಂತ್ರದ ಒಳ್ಳೆಯ ದಾಖಲೆ ಕೋಡ್‌ನ ಸಂಪಾದನೆಯಾಗಿರಲಿಲ್ಲ, ಕೋಡ್ ಮತ್ತು ಫ್ಯೂಸ್ ಎರಡೂ ಸೇರಿ ಗಳಿಸಿದ್ದಾಗಿತ್ತು. ಕೋಡನ್ನು ತಂದು ಫ್ಯೂಸನ್ನು ಬಿಟ್ಟುಬಂದವರು ದಾಖಲೆಯನ್ನು ಮಾತ್ರ ಇಡಿಯಾಗಿ ತಂದೆವೆಂದು ಭಾವಿಸಿದರು.

ಮೂರನೆಯ ವಾದ ಜನಸಂಖ್ಯೆಯದ್ದು. ಮುಕ್ತ ತಂತ್ರಾಂಶದ ಕಾಲದಲ್ಲಿ ಇದಕ್ಕೆ ತುಂಬ ಬಲ ಬಂದಿದೆ. ಆದರೆ ಬಳಸುವವರ ಸಂಖ್ಯೆ ಮತ್ತು ಓದಿ ಪರಿಶೀಲಿಸುವವರ ಸಂಖ್ಯೆ ಒಟ್ಟೊಟ್ಟಿಗೆ ಬೆಳೆಯಬೇಕೆಂಬ ನಿಯಮವೇನೂ ಇಲ್ಲ. ಜಗತ್ತಿನ ಬಹುಪಾಲು ಜಾಲತಾಣಗಳ ಗೂಢಲಿಪಿಗೆ ಆಧಾರವಾಗಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಬಂದ ಸಂದೇಶ ತಾನು ಹೇಳಿಕೊಂಡಷ್ಟು ಉದ್ದವಿದೆಯೇ ಎಂದು ನೋಡುವ ಒಂದು ತಪಾಸಣೆ ಬಿಟ್ಟುಹೋಗಿತ್ತು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿದ್ದ ಈ ಲೋಪ 'ಹಾರ್ಟ್‌ಬ್ಲೀಡ್' ಎಂಬ ಹೆಸರಿನಲ್ಲಿ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಜೆ ದೋಷ ಇನ್ನೂ ಸ್ಪಷ್ಟ ಉದಾಹರಣೆ. ಲಾಗ್ ಬರೆಯುವ ಲೈಬ್ರರಿಯೊಂದು, ಲಾಗ್‌ನಲ್ಲಿ ಬಂದ ಪಠ್ಯದೊಳಗೆ ವಿಶೇಷ ಸಂಕೇತ ಕಂಡರೆ ಅದನ್ನು ಹಿಂಬಾಲಿಸಿ ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸುವುದಕ್ಕೂ ದಾರಿ ಕೊಟ್ಟಿತ್ತು. ಲಾಗ್ ಬರೆಯುವುದಷ್ಟೇ ಬೇಕಿದ್ದ ಅಸಂಖ್ಯ ಸಂಸ್ಥೆಗಳಿಗೆ ಈ ಸೌಲಭ್ಯ ಬೇಡವಾಗಿತ್ತು, ಅದು ಇದೆಯೆಂದೂ ತಿಳಿದಿರಲಿಲ್ಲ. ತಾವು ತಂದ ಲೈಬ್ರರಿ ಇನ್ನೊಂದನ್ನು, ಅದು ಮತ್ತೊಂದನ್ನು ಎಳೆದುತಂದ ಕಾರಣ ಲಾಗ್4ಜೆ ತಮ್ಮಲ್ಲಿ ಇದೆಯೇ ಎಂದು ಹುಡುಕುವುದೇ ಹಲವರಿಗೆ ಮೊದಲ ಕೆಲಸವಾಯಿತು. ಎಲ್ಲರೂ ಬಳಸುತ್ತಾರೆ ಎಂಬ ಸಮಾಧಾನವೇ ಪ್ರತಿಯೊಬ್ಬರೂ ಓದದೆ ಬಿಡಲು ಕಾರಣವಾಗುತ್ತದೆ. ಹರಡಿಕೊಂಡ ಕೋಡ್‌ನ ದೋಷ ಒಂದೇ ಕಡೆ ತಿದ್ದಿದರೆ ಎಲ್ಲೆಡೆ ಗುಣವಾಗುತ್ತದೆ, ನಿಜ. ತಿದ್ದುವವರೆಗೆ ಎಲ್ಲೆಡೆ ಒಟ್ಟಿಗೆ ಕಾಡುತ್ತದೆ ಎಂಬುದೂ ಅಷ್ಟೇ ನಿಜ. 2018ರ ಫೆಬ್ರವರಿಯಲ್ಲಿ ತೆಲುಗು ಲಿಪಿಯ 'ಜ್ಞಾ' ಎಂಬ ಒಂದು ಅಕ್ಷರ ಸಂದೇಶವಾಗಿ ಬಂದರೆ ಸಾಕು, ಐಫೋನ್‌ಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಆ್ಯಪ್‌ಗಳು ಕುಸಿಯುತ್ತಿದ್ದವು. ಅವೆಲ್ಲದರ ತಳದಲ್ಲಿ ಅಕ್ಷರ ಜೋಡಿಸುವ ಕೋಡ್ ಒಂದೇ ಇತ್ತು. ಕೆಲವೇ ದಿನಗಳಲ್ಲಿ ಬಂದ ಒಂದು ಅಪ್‌ಡೇಟ್ ಎಲ್ಲವನ್ನೂ ಸರಿಮಾಡಿತು.

ಇಷ್ಟು ಹೇಳಿದ ಮೇಲೆ ಗಂಭೀರವಾದ ಮೂರು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು: ಏರಿಯಾನ್ ಮತ್ತು ಥೆರಾಕ್‌ನದು ಮರುಬಳಕೆಯ ಸೋಲಲ್ಲ, ಅಗತ್ಯಗಳನ್ನು ಸರಿಯಾಗಿ ಬರೆಯದೆ, ಸರಿಯಾಗಿ ಪರೀಕ್ಷಿಸದೆ ಆದ ಸೋಲು. ಹೊಸದಾಗಿ ಬರೆದಿದ್ದರೂ ಇಂಥ ತಪ್ಪು ಆಗಬಹುದಿತ್ತು. ಈ ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ. ಏರಿಯಾನ್ 5ರ ಪಥದ ಅಂಕಿಗಳು ಆ ಉಪಕರಣದ ಅಗತ್ಯಪಟ್ಟಿಯಲ್ಲಿ ಇರಲೇ ಇಲ್ಲವೆಂದು ವರದಿಯೂ ಹೇಳುತ್ತದೆ. ಆದರೆ ಏಕೆ ಇರಲಿಲ್ಲ? ಹೊಸದಾಗಿ ಬರೆಯಲು ಕುಳಿತವನು ಈ ಸಂಖ್ಯೆ ಎಷ್ಟರವರೆಗೆ ಹೋಗಬಹುದು ಎಂದು ಕೇಳಿಯೇ ಮುಂದೆ ಹೋಗಬೇಕು. ಚರದ ಅಳತೆ ನಿರ್ಧರಿಸದೆ ಒಂದು ಸಾಲೂ ಬರೆಯಲಾಗದು. ಪಳಗಿದ ಕೋಡ್ ತಂದವನಿಗೆ ಆ ಪ್ರಶ್ನೆ ಎದುರಾಗುವುದಿಲ್ಲ, ಏಕೆಂದರೆ ಅದಕ್ಕೆ ಉತ್ತರ ಈಗಾಗಲೇ ಕೋಡ್‌ನೊಳಗೆ ಸೇರಿಹೋಗಿರುತ್ತದೆ. ಹೀಗೆ ಪರೀಕ್ಷೆಯ ಲೋಪಕ್ಕೂ ಮರುಬಳಕೆಯ ನಂಬಿಕೆಗೂ ಕಾರಣ-ಕಾರ್ಯ ಸಂಬಂಧವಿದೆ. ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಆ ಸಂಬಂಧವೇ ಮರೆಯಾಗುತ್ತದೆ.

ಎರಡನೆಯ ಆಕ್ಷೇಪ: ಎರಡು ಮೂರು ಅವಘಡಗಳ ಎದುರು ಸೆಲ್ಬಿಯವರ 25 ವ್ಯವಸ್ಥೆಗಳ ಅಂಕಿಅಂಶ ಹೆಚ್ಚು ತೂಗುವುದಿಲ್ಲವೇ? ತೂಗುತ್ತದೆ, ಆದರೆ ಅದನ್ನು ಪೂರ್ತಿ ಓದಬೇಕು. ಬದಲಿಸದೆ ತಂದ ಮಾಡ್ಯೂಲ್‌ಗಳು ಎಷ್ಟು ಚೆನ್ನಾಗಿದ್ದವೋ, ತಂದು ಬಹಳಷ್ಟು ತಿದ್ದಿದ ಮಾಡ್ಯೂಲ್‌ಗಳು ಅಷ್ಟೇ ಕಾಡಿದವು. ಅವುಗಳಲ್ಲಿ ದೋಷ ಪತ್ತೆಹಚ್ಚಲು, ಸರಿಪಡಿಸಲು ಬೇಕಾದ ಶ್ರಮ ಎಲ್ಲಕ್ಕಿಂತ ಹೆಚ್ಚಿತ್ತು, ಹೊಸದಾಗಿ ಬರೆದವುಗಳಿಗಿಂತಲೂ. ಒಂದೇ ಸಂಸ್ಥೆಯ ಒಂದೇ ಬಗೆಯ ಯೋಜನೆಗಳ ಸರಣಿಯಲ್ಲಿ ಮಾಡ್ಯೂಲೊಂದನ್ನು ಬದಲಿಸದೆ ಬಳಸಲು ಸಾಧ್ಯವಾಯಿತೆಂದರೆ ಹಳೆಯ ಸಂದರ್ಭ ಮತ್ತು ಹೊಸ ಸಂದರ್ಭ ಬಹುಮಟ್ಟಿಗೆ ಒಂದೇ ಆಗಿದ್ದವು ಎಂದರ್ಥ. ಬಹಳ ತಿದ್ದಬೇಕಾಯಿತೆಂದರೆ ಸಂದರ್ಭಗಳು ಹೊಂದಲಿಲ್ಲ ಎಂದರ್ಥ. ನನ್ನ ಓದಿನಲ್ಲಿ ಈ ಅಂಕಿಅಂಶ ತೋರಿಸುವುದು ಕೋಡ್ ಹೊತ್ತುತಂದ ಗುಣವನ್ನಲ್ಲ, ಊಹೆಗಳು ಹೊಂದಿಕೊಂಡ ಪ್ರಮಾಣವನ್ನು.

ಮೂರನೆಯ ಆಕ್ಷೇಪ ವ್ಯವಹಾರದ್ದು: ಹಾಗಾದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕೇ? ಖಂಡಿತ ಬೇಡ. ಗೂಢಲಿಪಿಯ ಕೋಡನ್ನು ತಾವೇ ಬರೆಯಹೊರಟವರು ಹಾರ್ಟ್‌ಬ್ಲೀಡ್‌ಗಿಂತ ದೊಡ್ಡ ತೂತುಗಳನ್ನು ಮಾಡಿಕೊಳ್ಳುತ್ತಾರೆ. ನನ್ನ ತಕರಾರು ಲೆಕ್ಕದ ಬಗ್ಗೆ. ಫ್ರೆಡ್ ಬ್ರೂಕ್ಸ್ 1975ರಲ್ಲೇ ಅಂದಾಜು ಹೇಳಿದ್ದರು: ತನಗಾಗಿ ಬರೆದುಕೊಂಡ ಪ್ರೋಗ್ರಾಂ ಒಂದನ್ನು ಬೇರೆಯವರೂ ಬಳಸಬಲ್ಲ ಉತ್ಪನ್ನವಾಗಿಸಲು ಮೂರು ಪಟ್ಟು ಖರ್ಚು. ಇದು ಬರೆಯುವವರ ಕಡೆಯ ಲೆಕ್ಕ. ಬಳಸುವವರ ಕಡೆಯ ಲೆಕ್ಕವನ್ನು 1995ರಲ್ಲಿ ಡೇವಿಡ್ ಗಾರ್ಲನ್, ರಾಬರ್ಟ್ ಆ್ಯಲನ್ ಮತ್ತು ಜಾನ್ ಆಕರ್‌ಬ್ಲೂಮ್ ಮುಂದಿಟ್ಟರು. ಚೆನ್ನಾಗಿ ಕೆಲಸ ಮಾಡುತ್ತಿದ್ದ ನಾಲ್ಕು ಸಿದ್ಧ ಭಾಗಗಳನ್ನು ಜೋಡಿಸಿ ಅವರು ವ್ಯವಸ್ಥೆಯೊಂದನ್ನು ಕಟ್ಟಹೊರಟಿದ್ದರು. ಆರು ತಿಂಗಳಲ್ಲಿ, ಒಬ್ಬರ ಒಂದು ವರ್ಷದ ದುಡಿಮೆಯಲ್ಲಿ ಮುಗಿಯುತ್ತದೆಂಬ ಅಂದಾಜಿತ್ತು. ಮೊದಲ ಮಾದರಿಗೇ ಎರಡು ವರ್ಷ, ಸುಮಾರು ಐದು ಮಾನವ-ವರ್ಷಗಳ ದುಡಿಮೆ ಹಿಡಿಯಿತು. ಒಂದೊಂದು ಭಾಗವೂ ಬಿಡಿಯಾಗಿ ಚೆನ್ನಾಗಿಯೇ ಇತ್ತು. ಆದರೆ ಮುಖ್ಯ ನಿಯಂತ್ರಣ ಯಾರ ಕೈಯಲ್ಲಿದೆ, ದತ್ತಾಂಶ ಯಾವ ರೂಪದಲ್ಲಿ ಹರಿಯುತ್ತದೆ ಎಂಬ ಬಗ್ಗೆ ಪ್ರತಿಯೊಂದೂ ಬೇರೆಬೇರೆ ಊಹೆ ಮಾಡಿಕೊಂಡಿತ್ತು, ಯಾವ ಊಹೆಯೂ ಎಲ್ಲೂ ಬರೆದಿರಲಿಲ್ಲ. ಮರುಬಳಕೆಗೆ ಬೆಲೆಯಿದೆ. ಅದನ್ನು ಮೊದಲೇ ಕೊಡದಿದ್ದರೆ ಆಮೇಲೆ ಬಡ್ಡಿಸಹಿತ ಕೊಡಬೇಕಾಗುತ್ತದೆ.

ಮೆಕಿಲ್‌ರಾಯ್ ಅವರ ಮೂಲ ಪ್ರಸ್ತಾಪವನ್ನು ಈಗ ಮತ್ತೆ ನೋಡಿದರೆ ಒಂದು ವಿಷಯ ಎದ್ದುಕಾಣುತ್ತದೆ. ಅವರು ಕೇಳಿದ್ದು ಎಲ್ಲರಿಗೂ ಒಂದೇ ಸೈನ್ ರೂಟೀನನ್ನಲ್ಲ. ನಿಖರತೆ ಎಷ್ಟು, ಇನ್‌ಪುಟ್‌ನ ವ್ಯಾಪ್ತಿ ಎಷ್ಟು, ತಪ್ಪು ಇನ್‌ಪುಟ್ ಬಂದರೆ ಎಷ್ಟು ತಡೆದುಕೊಳ್ಳಬೇಕು, ವೇಗ ಮತ್ತು ಮೆಮೊರಿಯಲ್ಲಿ ಯಾವುದಕ್ಕೆ ಆದ್ಯತೆ ಎಂಬುದರ ಮೇಲೆ ವಿಂಗಡಿಸಿದ ರೂಟೀನ್‌ಗಳ ದೊಡ್ಡ ಕುಟುಂಬವನ್ನೇ ಅವರು ಕೇಳಿದ್ದರು. ಅವರ ಕ್ಯಾಟಲಾಗ್‌ನಲ್ಲಿ ಪ್ರತಿ ಭಾಗದ ಪಕ್ಕದಲ್ಲೂ ಅದು ಯಾವ ಸಂದರ್ಭಕ್ಕೆ ತಕ್ಕದ್ದು ಎಂಬ ವಿವರ ಇರಬೇಕಿತ್ತು. ನಾವು ಕ್ಯಾಟಲಾಗ್ ಕಟ್ಟಿದೆವು, ಆ ವಿವರವನ್ನು ಕೈಬಿಟ್ಟೆವು.

ಇಲ್ಲಿಯೇ ಪ್ರೋಗ್ರಾಮಿಂಗ್ ಪರಿಸರಗಳ, ಅಂದರೆ ಪ್ರೋಗ್ರಾಮರ್ ದಿನವಿಡೀ ಕೆಲಸ ಮಾಡುವ ಎಡಿಟರ್, ಡೀಬಗರ್, ಪ್ಯಾಕೇಜ್ ಮ್ಯಾನೇಜರ್‌ಗಳ ಪ್ರಶ್ನೆ ಬರುತ್ತದೆ. ಸ್ಮಾಲ್‌ಟಾಕ್ ಭಾಷೆಯ ಪ್ರೋಗ್ರಾಮರ್‌ಗಳು ಹೇಗೆ ಮರುಬಳಕೆ ಮಾಡುತ್ತಾರೆಂದು ಮೇರಿ ಬೆತ್ ರಾಸನ್ ಮತ್ತು ಜಾನ್ ಕ್ಯಾರಲ್ ಗಮನಿಸಿ 1996ರಲ್ಲಿ ಬರೆದರು. ಹೊಸ ಕ್ಲಾಸ್ ಕೈಗೆ ಬಂದಾಗ ಅವರು ಅದರ ವಿವರಣೆ ಓದುವುದಕ್ಕಿಂತ ಅದನ್ನು ಈಗಾಗಲೇ ಬಳಸಿದ ಜಾಗವನ್ನು ಹುಡುಕಿ, ಆ ಬಳಕೆಯನ್ನೇ ಎತ್ತಿಕೊಂಡು ತಿದ್ದುತ್ತಿದ್ದರು. ಇದನ್ನು ಸೋಮಾರಿತನವೆನ್ನಲಾರೆ. ಕ್ಲಾಸ್‌ನ ಸುತ್ತ ಏನಿರಬೇಕು, ಅದಕ್ಕೆ ಮೊದಲು ಏನಾಗಿರಬೇಕು ಎಂಬ, ಕ್ಲಾಸ್ ತಾನಾಗಿ ಹೇಳದ ಸಂಗತಿಯನ್ನು ಅವರು ಹುಡುಕುತ್ತಿದ್ದರು. ಅಂದಿನಿಂದ ಪರಿಸರಗಳು ಯಾವ ದಿಕ್ಕಿನಲ್ಲಿ ಬೆಳೆದವು ನೋಡಿ. ಒಂದು ಸಾಲಿನ ಆಜ್ಞೆಗೆ ನೂರಾರು ಪ್ಯಾಕೇಜ್‌ಗಳು ಬಂದಿಳಿಯುತ್ತವೆ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಭಂಡಾರದಿಂದ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಹಿಂತೆಗೆದುಕೊಂಡಾಗ, ಅದರ ಹೆಸರನ್ನೂ ಕೇಳಿರದ ಎಷ್ಟೋ ಯೋಜನೆಗಳ ಬಿಲ್ಡ್ ನಿಂತುಹೋಯಿತು. ಈಗ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೇಳುವ ಮೊದಲೇ ಹತ್ತಿಪ್ಪತ್ತು ಸಾಲು ಬರೆದುಕೊಡುತ್ತವೆ. ಆ ಸಾಲುಗಳ ಹಿಂದೆ ಯಾವ ಸಂದರ್ಭದ ಊಹೆಗಳಿವೆ ಎಂದು ತಿಳಿಯಲು ಮೂಲ ಬಳಕೆಯ ಜಾಗವೂ ಕಣ್ಣಿಗೆ ಸಿಗುವುದಿಲ್ಲ. ಕೋಡ್ ತರುವ ಖರ್ಚು ಸೊನ್ನೆಯತ್ತ ಇಳಿದಿದೆ, ಅರ್ಥಮಾಡಿಕೊಳ್ಳುವ ಖರ್ಚು ಇದ್ದಲ್ಲೇ ಇದೆ. ಎರಡರ ನಡುವಿನ ಅಂತರ ಹಿಗ್ಗಿದಷ್ಟೂ ಪರೀಕ್ಷಿಸದೆ ಒಳಬಂದ ಊಹೆಗಳು ಹೆಚ್ಚುತ್ತವೆ.

ಪರಿಹಾರ ತೀರ ಹೊಸದೇನಲ್ಲ. ಏರಿಯಾನ್ ಅಪಘಾತದ ಮರುವರ್ಷವೇ ಬರ್ಟ್ರಂಡ್ ಮೇಯರ್ ಮತ್ತು ಜಾನ್-ಮಾರ್ಕ್ ಜೆಜೆಕೆಲ್ ವಾದಿಸಿದ್ದರು: ರೂಟೀನ್ ತನ್ನ ಪೂರ್ವಷರತ್ತುಗಳನ್ನು ಕರಾರಿನಂತೆ ಕೋಡ್‌ನಲ್ಲೇ ಸಾರಬೇಕು, ಕರಾರಿಲ್ಲದ ಮರುಬಳಕೆ ಹುಚ್ಚುತನ. ಕರಾರು ಬರೆದ ಮಾತ್ರಕ್ಕೆ ಅದನ್ನು ಯಾರಾದರೂ ಓದುತ್ತಿದ್ದರೇ, ಅದನ್ನು ಮುರಿಯುವಂಥ ಅಂಕಿಗಳನ್ನಿಟ್ಟು ಪರೀಕ್ಷಿಸುತ್ತಿದ್ದರೇ ಎಂಬ ಮರುಪ್ರಶ್ನೆಯೂ ಎದ್ದಿತು; ಅದು ನ್ಯಾಯವಾದದ್ದೇ. ಆದರೆ ತನಿಖಾ ವರದಿಯ ಒಂದು ಮಾತು ಇಲ್ಲಿ ನಿರ್ಣಾಯಕ: ಮೂರು ಚರಗಳನ್ನು ರಕ್ಷಣೆಯಿಲ್ಲದೆ ಬಿಟ್ಟ ಕಾರಣ ಮೂಲ ಕೋಡ್‌ನಲ್ಲಿ ಎಲ್ಲೂ ನೇರವಾಗಿ ಕಾಣಿಸಲಿಲ್ಲ; ದಾಖಲೆಗಳ ರಾಶಿಯಲ್ಲಿ ಅದು ಹೂತುಹೋಗಿತ್ತು. ಊಹೆ ತಪ್ಪಾಗಿರಲಿಲ್ಲ, ಕಣ್ಮರೆಯಾಗಿತ್ತು. ಕಣ್ಣಿಗೆ ಬೀಳುವಂತಿದ್ದರೆ ಯಾರಾದರೊಬ್ಬರು ಪ್ರಶ್ನಿಸುವ ಅವಕಾಶವಾದರೂ ಇರುತ್ತಿತ್ತು. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರಲ್ಲಿ ತಂತ್ರಾಂಶದ ಘಟಕಪಟ್ಟಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಒಳಗೆ ಏನಿದೆ ಎಂಬುದನ್ನು ಪಟ್ಟಿ ತಿಳಿಸುತ್ತದೆ. ಅದು ಯಾವ ಷರತ್ತಿನ ಮೇಲೆ ಸರಿಯಿದೆ ಎಂಬುದು ಇನ್ನೂ ಬಾಕಿ.

ಆ ಬಾಕಿಯನ್ನು ತುಂಬಲು ಕೋಡ್ ತರುವವರು ಕನಿಷ್ಠ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡುವಂತಾಗಬೇಕು.

1. ಈ ಕೋಡ್‌ನ ಒಳ್ಳೆಯ ದಾಖಲೆ ಎಲ್ಲಿ ಗಳಿಸಿದ್ದು? ಅಲ್ಲಿ ಅದರ ಜೊತೆಗಿದ್ದು ಇಲ್ಲಿ ಇಲ್ಲದಿರುವುದು ಏನು?

2. ಅದರ ಇನ್‌ಪುಟ್‌ಗಳ ಮಿತಿ ಏನು? ನಮ್ಮಲ್ಲಿ ಆ ಮಿತಿ ಮೀರುವ ಸಂದರ್ಭವನ್ನು ಬೇಕೆಂದೇ ಸೃಷ್ಟಿಸಿ ನೋಡಿದ್ದೇವೆಯೇ?

3. ಅದು ಮಾಡಬಲ್ಲ ಕೆಲಸಗಳಲ್ಲಿ ನಮಗೆ ಬೇಡವಾದವು ಯಾವುವು? ಅವನ್ನು ಮುಚ್ಚಿದ್ದೇವೆಯೇ?

ಮೊದಲ ಪ್ರಶ್ನೆ ಥೆರಾಕ್‌ನಲ್ಲಿ, ಎರಡನೆಯದು ಏರಿಯಾನ್‌ನಲ್ಲಿ, ಮೂರನೆಯದು ಏರಿಯಾನ್ ಮತ್ತು ಲಾಗ್4ಜೆ ಎರಡರಲ್ಲೂ ಕೇಳದೆ ಉಳಿದದ್ದು. ಈ ಪ್ರಶ್ನೆಗಳು ಕೆಲಸದ ವೇಗ ತಗ್ಗಿಸುತ್ತವೆ ಎಂಬುದು ನಿಜ. ಎಲ್ಲ ಲೈಬ್ರರಿಗಳಿಗೂ ಒಂದೇ ಕಟ್ಟುನಿಟ್ಟು ಬೇಕಿಲ್ಲ. ಸೋತರೆ ಯಾರಿಗೆ ಎಷ್ಟು ಹಾನಿ ಎಂಬುದರ ಮೇಲೆ ನಿರ್ಧರಿಸಬಹುದು. ಆದರೆ ಕೇಳುವ ಜವಾಬ್ದಾರಿಯನ್ನು ಕೋಡ್‌ನ ವಯಸ್ಸಿಗೋ ಬಳಕೆದಾರರ ಸಂಖ್ಯೆಗೋ ವಹಿಸಿಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಬೇರೆಯವರು ಬೇರೆ ಕಾರಣಕ್ಕೆ ಬರೆದ ಕೋಡನ್ನು ಹೊಸ ಗ್ರಾಹಕನಿಗೆ ಒಗ್ಗಿಸುವುದೇ ಬೆಂಗಳೂರಿನ ಎಷ್ಟೋ ಪ್ರೋಗ್ರಾಮರ್‌ಗಳ ದಿನನಿತ್ಯದ ಕೆಲಸ. ಈ ಕೆಲಸವನ್ನು ಕೋಡ್ ಬರೆಯುವುದಕ್ಕಿಂತ ಕೆಳದರ್ಜೆಯದೆಂದು ಕಾಣುವ ರೂಢಿ ನಮ್ಮಲ್ಲಿದೆ. ಹಳೆಯ ಕೋಡ್‌ನ ಊಹೆಗಳನ್ನು ಹೊರತೆಗೆದು ಹೊಸ ಸಂದರ್ಭದ ಎದುರಿಟ್ಟು ತೂಗುವುದು ಹೊಸದನ್ನು ಬರೆಯುವುದಕ್ಕಿಂತ ಕಠಿಣವಾದ ಎಂಜಿನಿಯರಿಂಗ್. ಅದಕ್ಕೆ ಸಮಯ, ಸಂಬಳ, ಗೌರವ ಮೂರನ್ನೂ ಕೊಡುವ ಸಂಸ್ಥೆಗೆ ಮಾತ್ರ ಮರುಬಳಕೆಯಿಂದ ಗುಣಮಟ್ಟ ದಕ್ಕುತ್ತದೆ.